ಕೆರೆಯ 'ಟ್ಯಾಂಕ್' ಯುದ್ಧದಿಂದ ಬಂದದ್ದಲ್ಲ: ಒಂದು ಸ್ಪಷ್ಟನೆ

ಕೋಲಾರ ಭಾಗದ ಕೆರೆಗಳನ್ನು ಹಳೆಯ ದಾಖಲೆಗಳು 'ಟ್ಯಾಂಕ್' ಎಂದು ಕರೆಯುವುದು ಯುದ್ಧವಾಹನದ ಹೆಸರನ್ನು ನೋಡಿ ಎಂಬ ಮಾತು ನಮ್ಮ ಜಿಲ್ಲೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಮತ್ತು ಕಾಲಕ್ರಮವೇ ಅದನ್ನು ತೋರಿಸಿಕೊಡುತ್ತದೆ.

ಯುದ್ಧವಾಹನಕ್ಕೆ ಆ ಹೆಸರು ಬಂದದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಬ್ರಿಟನ್ನಿನಲ್ಲಿ ಗುಟ್ಟಾಗಿ ತಯಾರಾಗುತ್ತಿದ್ದ ಆ ಉಕ್ಕಿನ ಯಂತ್ರಗಳ ಸುದ್ದಿ ಶತ್ರುಗಳಿಗೆ ತಿಳಿಯಬಾರದೆಂದು, ಅವು ನೀರಿನ ತೊಟ್ಟಿಗಳೆಂದು ನಂಬಿಸುವಂತೆ 'ಟ್ಯಾಂಕ್' ಎಂಬ ಮರೆಹೆಸರನ್ನು ಇಡಲಾಯಿತು; ಅವು ರಣರಂಗಕ್ಕೆ ಮೊದಲು ಇಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೊಮ್ ಪ್ರದೇಶದಲ್ಲಿ. ಆದರೆ 19ನೆಯ ಶತಮಾನದ ಮೈಸೂರು ಗೆಜೆಟಿಯರ್ ನಮ್ಮ ಕೆರೆಗಳನ್ನು ಆಗಲೇ ಟ್ಯಾಂಕ್ ಎಂದು ಬರೆದಿತ್ತು. ನೀರಿನ ಅರ್ಥವೇ ಹಿರಿಯದು, ಯುದ್ಧದ ಅರ್ಥ ಅದರಿಂದ ಎರವಲು ಪಡೆದದ್ದು.

ಪದದ ಮೂಲವಂತೂ ಇನ್ನೂ ಹತ್ತಿರದ್ದು. 17ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಇಂಗ್ಲಿಷರು ಇಲ್ಲಿನ ಕೆರೆ, ಕುಂಡಗಳಿಗೆ ಈ ಪದ ಬಳಸತೊಡಗಿದರು. ನೀರು ಸಂಗ್ರಹಿಸುವ ತೊಟ್ಟಿಗೆ ಗುಜರಾತಿಯಲ್ಲಿ 'ಟಾಂಕು', ಮರಾಠಿಯಲ್ಲಿ 'ಟಾಕೆ' ಎನ್ನುತ್ತಾರೆ. ಕೊಳ ಎಂಬರ್ಥದ ಪೋರ್ಚುಗೀಸಿನ 'ಟ್ಯಾಂಕೆ' ಕೂಡ ಅದರ ರೂಪವನ್ನು ಬಲಪಡಿಸಿತೆಂದು ನಿಘಂಟುಕಾರರು ಹೇಳುತ್ತಾರೆ. ಆದ್ದರಿಂದ ಕೋಲಾರಮ್ಮನ ಕೆರೆಯನ್ನೋ ಬೇತಮಂಗಲದ ಕೆರೆಯನ್ನೋ ಯಾರಾದರೂ ಟ್ಯಾಂಕ್ ಎಂದರೆ ಅದರಲ್ಲಿ ಅವಮಾನವೇನೂ ಇಲ್ಲ. ಏರಿ, ತೂಬು, ಕೋಡಿಗಳನ್ನು ಒಳಗೊಂಡ 'ಕೆರೆ' ಎಂಬ ನಮ್ಮ ಪದ ಹೆಚ್ಚು ನಿಖರವಾದುದು, ನನಗೆ ಪ್ರಿಯವಾದುದೂ ಅದೇ. ಆದರೆ ಅದನ್ನು ಬಳಸಿರೆಂದು ಕೇಳುವುದಕ್ಕೆ ಸುಳ್ಳು ಇತಿಹಾಸದ ಆಸರೆ ಬೇಕಿಲ್ಲ.