ಕೀಸುಳಿ ಹರಿತವಾಗಿದ್ದೇ ತಪ್ಪಾಯ್ತು

ಆಷಾಢ ಬಂತೆಂದರೆ ತೀರ್ಥಹಳ್ಳಿಯ ನಮ್ಮನೆ ಬಚ್ಚಲಿನ ಬಾಗಿಲಿಗೆ ಮೈ ಬರುತ್ತದೆ. ತೇವ ಕುಡಿದ ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟೇನಿಲ್ಲ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ ಒಳಗಿದ್ದವರು ಹೊರಗೆ ಬರಲು ಹೊರಗಿನಿಂದ ಒಬ್ಬರು ಭುಜ ಕೊಡಬೇಕು. ಬಡಗಿ ಆಚಾರ್ರಿಗೆ ಫೋನ್ ಮಾಡಿದೆ. "ನಾಡಿದ್ದು ಬರ್ತೀನಿ" ಅಂದರು. ಅವರ ನಾಡಿದ್ದು ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ.

ಮರ ಹೆರೆಯಲು ನಾನೇ ಒಂದು ಕಬ್ಬಿಣದ ಕೀಸುಳಿ ತಂದೆ. ಹೊಸದು ಅಂದಮೇಲೆ ಹರಿತ ಇರುತ್ತೆ, ಅಲ್ವಾ? ಇಲ್ಲವಂತೆ, ಹೊಸ ಅಲಗನ್ನೂ ಮಸೆದೇ ಬಳಸಬೇಕಂತೆ. ಬಾಗಿಲು ಕಳಚಿ ಜಗಲಿಯಲ್ಲಿ ಅಡ್ಡ ನಿಲ್ಲಿಸಿ ತಳ್ಳಿದೆ. ಕೀಸುಳಿ ಎರಡು ಇಂಚು ಹೋಗಿ ನಿಂತಿತು, ನಾನು ಮಾತ್ರ ಮುಂದೆ ಹೋದೆ.

ಮನೆಯ ಸಾಣೆಕಲ್ಲು ಕತ್ತಿ ಮಸೆದೂ ಮಸೆದೂ ನಡುವೆ ಗುಳಿ ಬಿದ್ದಿತ್ತು, ಅದರಲ್ಲಿ ಅಲಗು ನೇರ ಬರುವುದಿಲ್ಲ. ಸಪಾಟಾದ ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿದರೂ ಆಗುತ್ತದೆ ಅಂತ ಗೊತ್ತಾಯಿತು. ಮನೆಯಲ್ಲಿ ಸಪಾಟಾದ ಗಾಜು ಇದ್ದದ್ದು ಫ್ರಿಜ್ಜಿನೊಳಗೆ. 220, 400, 1000 ನಂಬರಿನ ಪೇಪರ್ ತಂದು, 25 ಡಿಗ್ರಿ ಓರೆ ಹಿಡಿದು ಎರಡು ಸಂಜೆ ಉಜ್ಜಿದೆ. ಹಿಂಬದಿಗೆ ಬೆರಳು ಸವರಿದಾಗ ಸಣ್ಣ ಗರಿ ತಾಗಿದರೆ ತುದಿವರೆಗೂ ಮಸೆದಾಯಿತು ಅಂತ ಲೆಕ್ಕ, ಆಮೇಲೆ ಹಿಂಬದಿ ಉಜ್ಜಿ ಆ ಗರಿ ತೆಗೆಯಬೇಕು. ಹರಿತ ನೋಡಲು ಕೈಕೂದಲು ಬೋಳಿಸಿ ನೋಡುತ್ತಾರಲ್ಲ, ನಾನು ಸ್ವಲ್ಪ ಜಾಸ್ತಿಯೇ ನೋಡಿದೆ. ಮರುದಿನ ಆಫೀಸಿನಲ್ಲಿ ನನ್ನ ಎಡಗೈ ನೋಡಿ "ಒಲೆಗೆ ಕೈ ಹಾಕಿದ್ರಾ?" ಅಂತ ಕೇಳಿದರು.

ಅಲಗನ್ನು ಮೊದಲು ತಲೆಕೆಳಗಾಗಿ ಕೂರಿಸಿದೆ, ಈ ಜಾತಿಯ ಕೀಸುಳಿಯಲ್ಲಿ ಮಸೆದ ಓರೆ ಮುಖ ಕೆಳಗೆ ಬರಬೇಕು. ಮೇಲಿನ ತಗಡು ಅಲಗಿನ ತುದಿಯಿಂದ ಒಂದು ಮಿಲಿಮೀಟರಿನಷ್ಟೇ ಹಿಂದಿರಬೇಕು, ನಾನು ಬೆರಳಗಲ ಬಿಟ್ಟಿದ್ದೆ. ಎಳೆಗೆ ಎದುರಾಗಿ ತಳ್ಳಿ ಒಂದು ಕಡೆ ಮರ ಕಿತ್ತೂ ಬಂತು, ಬೆಕ್ಕನ್ನು ಬಾಲದಿಂದ ತಲೆಕಡೆಗೆ ಸವರಿದ ಹಾಗೆ.

ಎಲ್ಲಾ ಸರಿಮಾಡಿ ಮತ್ತೆ ತಳ್ಳಿದಾಗ, ಸರ್ರ್ ಅಂತ, ಈರುಳ್ಳಿ ಸಿಪ್ಪೆಯಂಥ ಒಂದು ಸುರುಳಿ ಎದ್ದು ಬಂತು ನೋಡಿ! ಹೆಂಡತಿಯನ್ನು ಕೂಗಿ ಕರೆದೆ. "ಫ್ರಿಜ್ಜಿನ ಗಾಜೆಲ್ಲಿ? ಹಾಲು ಎಲ್ಲಿಡಲಿ?" ಅಂದಳು. ಇನ್ನೊಂದು ಎಳೆದೆ. ಮತ್ತೊಂದು. ಮೊಂಡಾಗಿದ್ದಷ್ಟು ದಿನ ಬಾಗಿಲು ಕ್ಷೇಮವಾಗಿತ್ತು, ಈಗ ಕೈ ನಿಲ್ಲಲೇ ಇಲ್ಲ. ಇಂಥ ಹತ್ತು ಸುರುಳಿ ಹೋದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಹೋದಂತೆ. ನಾನು ಎಣಿಸಲಿಲ್ಲ, ಜಗಲಿ ತುಂಬಿತ್ತು.

ಮಳೆಗಾಲದಲ್ಲಿ ಬಾಗಿಲು ಬೆಣ್ಣೆಯಂತೆ ಕೂತಿತು. ಮಾರ್ಚ್ ಬಂದು ಮರ ಒಣಗಿತು ನೋಡಿ, ಚಿಲಕ ಚೌಕಟ್ಟನ್ನೇ ಮುಟ್ಟಲಿಲ್ಲ. ಸ್ನಾನಕ್ಕೆ ಹೋದವರೆಲ್ಲ ಸುಮ್ನೆ ಜೋರಾಗಿ ಹಾಡತೊಡಗಿದರು. ಮಾವನವರಂತೂ ಬರೀ ಕೆಮ್ಮುತ್ತಿದ್ದರು.

ಆಚಾರ್ರ ನಾಡಿದ್ದು ಕೊನೆಗೂ ಆಗಲೇ ಬಂತು. ಬಾಗಿಲಿಗೊಂದು ಪಟ್ಟಿ ಹೊಡೆದು, ನನ್ನ ಕೀಸುಳಿಯಲ್ಲೇ ಅದನ್ನು ಸವರಿ, ಅಲಗಿಗೆ ಹೆಬ್ಬೆರಳು ತಾಗಿಸಿ ಹುಬ್ಬೇರಿಸಿದರು.

"ಭಾರೀ ಮಸ್ದಿದಾರಲ್ಲ ಮಾರಾಯ್ರೆ, ಯಾರು?"

"ನಾನೇ."

"ಬಾಗ್ಲು ಹೆರೆದಿದ್ದು?"

ನಾನು ಟೀ ತರಲು ಒಳಗೆ ಹೋದೆ.