ಮೇಸ್ತ್ರಿಯ ಜೇಬಿನ ಲೆಕ್ಕ

ಕೊಡಗಿನ ಸಿದ್ದಾಪುರದ ಬಳಿ ಕಾಫಿ ತೋಟವೊಂದರಲ್ಲಿ ನನ್ನ ಅಪ್ಪ ರೈಟರಾಗಿದ್ದರು, ಎಂದರೆ ಲೆಕ್ಕ ಬರೆಯುವ ಗುಮಾಸ್ತ. ವಾರದ ಬಟವಾಡೆಯ ಸಂಜೆ ಲೈನ್ ಮನೆಯವರು, ತೋಟದವರೇ ಕೊಟ್ಟ ಸಾಲುಮನೆಗಳಲ್ಲಿರುವ ಆಳುಗಳು, ಸಾಲಾಗಿ ಬಂದು ಹೆಬ್ಬೆಟ್ಟು ಒತ್ತುತ್ತಿದ್ದರು. ಮುಂಗಡಕ್ಕೆ ಮುರಿದುಕೊಂಡು ಉಳಿದದ್ದು ಅವರ ಕೈಗೆ. ಎಷ್ಟು ಮುರಿದರು, ಇನ್ನೆಷ್ಟು ಬಾಕಿ ಎಂಬುದು ಆಳುಗಳ ಉಸ್ತುವಾರಿ ನೋಡುವ ಮೇಸ್ತ್ರಿಯ ಜೇಬಿನ ಪುಸ್ತಕಕ್ಕೆ ಮಾತ್ರ ಗೊತ್ತು. ಅಪ್ಪನ ಹಾಜರಿ ಪಟ್ಟಿಗೂ ಆ ಪುಸ್ತಕಕ್ಕೂ ತಾಳೆಯಾಗದ ವಾರಗಳಿದ್ದವು. ಆ ರಾತ್ರಿಗಳಲ್ಲಿ ಅವರು ಊಟಕ್ಕೆ ಕುಳಿತರೂ ಮಾತಾಡುತ್ತಿರಲಿಲ್ಲ.

ನಾನು ಈಗ ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದೇನೆ. ಬಂದ ಹೊಸತರಲ್ಲಿ ಒಂದು ಹೋಟೆಲಿನವರು ‘ನಾಳೆಯಿಂದ ಬರಬೇಡ’ ಎಂದರು, ಕೊನೆಯ ತಿಂಗಳ ಸಂಬಳವನ್ನೂ ಕೊಡಲಿಲ್ಲ. ಕೆಲಸ ಹೋದದ್ದಕ್ಕೆ ನಾನು ದೂರುವಂತಿರಲಿಲ್ಲ. ಸಾಮಾನ್ಯವಾಗಿ ಅದಕ್ಕೆ 2 ವರ್ಷದ ಸೇವೆ ಆಗಿರಬೇಕಿತ್ತು. ಸಂಬಳಕ್ಕೆ ಆ ಷರತ್ತಿಲ್ಲ. ಎಕಾಸ್ ಎಂಬ ಸಂಧಾನ ಸಂಸ್ಥೆಗೆ ಅರ್ಜಿ ಹಾಕಿದೆ, ಶುಲ್ಕವಿಲ್ಲ. ಹಿಂದಿನ ತಿಂಗಳುಗಳ ಸಂಬಳದ ಚೀಟಿಗಳು ನನ್ನ ಬಳಿ ಇದ್ದವು. ಕಡಿತದ ವಿವರ ಬರೆದು ಅವನ್ನು ಕೊಡಲೇಬೇಕೆಂದು ಅಲ್ಲಿನ 1996ರ ಕಾಯ್ದೆ ಹೇಳುತ್ತದೆ. ಹಣ ಬಂತು.

ಬಿಳಿಯರ ನಾಡನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಇದೇ ದೇಶ 2013ರಲ್ಲಿ ಕಾರ್ಮಿಕ ನ್ಯಾಯಮಂಡಳಿಯ ಮೆಟ್ಟಿಲು ಹತ್ತಲು ಶುಲ್ಕ ಹೇರಿತ್ತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು. ನನ್ನ ಕಾಲಕ್ಕೆ ದೂರು ಕೊಡಲು 3 ತಿಂಗಳಿಗೆ ಒಂದು ದಿನ ಕಡಿಮೆ ಅವಧಿ. ನಮ್ಮ 2019ರ ವೇತನ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವುದು, 3 ವರ್ಷ ಕೊಡುತ್ತದೆ. ಕೆಲಸದಿಂದ ತೆಗೆದವನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು, ವೇತನ ಚೀಟಿ ಕೊಡಬೇಕು, ಸಂಬಳ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊರೆ ಮಾಲೀಕನದೇ. ಕಾಗದದ ಮೇಲೆ ನಮ್ಮದೇ ಮಿಗಿಲು ಎಂದರೂ ತಪ್ಪಿಲ್ಲ.

ಆದರೆ ನನ್ನನ್ನು ತೆಗೆದಾಗ ನನ್ನ ಬಾಡಿಗೆ ಕೋಣೆ ನನ್ನದಾಗಿಯೇ ಉಳಿದಿತ್ತು. ಲೈನ್ ಮನೆಯವನಿಗೆ ಕೆಲಸದ ಜೊತೆಗೆ ಸೂರೂ ಹೋಗುತ್ತದೆ. 2016ರ ಡಿಸೆಂಬರಿನಲ್ಲಿ ಕೊಡಗಿನದೇ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯ ತೆರವಿನಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿಗಳಲ್ಲಿ ಹಲವರು ಇಂಥ ಲೈನ್ ಮನೆಗಳಿಂದ ಹೊರಬಂದವರೇ. ಇನ್ನೊಂದು, ಮುಂಗಡ. ಅದು ಲೆಕ್ಕವನ್ನೇ ತಿರುಗಿಸಿಬಿಡುತ್ತದೆ. ಕೂಲಿ ಬಾಕಿ ಬರಬೇಕಾದವನೇ ಸಾಲಗಾರನಾಗಿ ಕಾಣುತ್ತಾನೆ. ಸಾಲಗಾರ ಮಡಿಕೇರಿಯ ಕಾರ್ಮಿಕ ಇಲಾಖೆಗೆ ಒಂದು ದಿನದ ಕೂಲಿ ಕಳೆದುಕೊಂಡು ಏಕೆ ಹೋದಾನು? ಪರಿಶಿಷ್ಟ ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆಂದು ಅವನಿಗೆ ಹೇಳುವವರಾದರೂ ಯಾರು?

ಮುಂಗಡ ಕೊಡದಿದ್ದರೆ ಕೊಯ್ಲಿಗೆ ಆಳು ಬರುವುದಿಲ್ಲ ಎನ್ನುತ್ತಾರೆ ಬೆಳೆಗಾರರು. ಬರುವುದಿಲ್ಲ, ನಿಜ. ಕೊಡಲಿ. ಎರಡು ಪುಸ್ತಕದಲ್ಲಿ ಬರೆಯಲಿ, ಒಂದು ಆಳಿನ ಮನೆಯಲ್ಲಿರಲಿ ಎಂಬುದಷ್ಟೇ ನನ್ನ ತಕರಾರು.

ಕಳೆದ ಬಾರಿ ಊರಿಗೆ ಹೋದಾಗ, ನನ್ನನ್ನು ಎತ್ತಿ ಆಡಿಸಿದ ಯರವ ಎಂಬ ಆದಿವಾಸಿ ಸಮುದಾಯದ ಅಜ್ಜಿಯೊಬ್ಬರನ್ನು ಸಂಬಳದ ಚೀಟಿ ಕೊಡುತ್ತಾರೆಯೇ ಎಂದು ಕೇಳಿದೆ. ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ ರೇಷನ್ ಕಾರ್ಡ್ ತಂದು ತೋರಿಸಿದರು.