ಡಂಬಳದಿಂದ ರೋಣಕ್ಕೆ, ವಯಾ ಗದಗ

ನಮ್ಮ ಕಾಕಾ ಡಂಬಳದವರು. 2008ಕ್ಕಿಂತ ಮೊದಲು ಅವರ ವಿಧಾನಸಭಾ ಕ್ಷೇತ್ರ ಮುಂಡರಗಿ. ಈಗ ಆ ಹೆಸರಿನ ಕ್ಷೇತ್ರವೇ ಇಲ್ಲ. 2001ರ ಜನಗಣತಿ ಹಿಡಿದು ಮರುವಿಂಗಡಣೆ ಮಾಡಿದಾಗ, ಅಂದರೆ ಕ್ಷೇತ್ರಗಳ ಗಡಿಗೆ ಹೊಸ ಗೆರೆ ಎಳೆದಾಗ, ಮುಂಡರಗಿ ತಾಲೂಕು ಎರಡು ಹೋಳಾಯಿತು. ಮುಂಡರಗಿ ಊರು ಶಿರಹಟ್ಟಿ ಕ್ಷೇತ್ರಕ್ಕೆ, ಡಂಬಳ ರೋಣ ಕ್ಷೇತ್ರಕ್ಕೆ.

"ತಹಶೀಲ್ದಾರ್ ಕಚೇರಿ ಮುಂಡರಗ್ಯಾಗ, ದವಾಖಾನಿ ಗದಗಿನ್ಯಾಗ, ಎಮ್ಮೆಲ್ಲೆ ರೋಣದಾಗ. ನಾ ಎಲ್ಲೆಲ್ಲಿ ಅಡ್ಡಾಡ್ಲಿ?" ಅಂತಾರೆ ಕಾಕಾ. ಬಸ್ಸಿಗೆ ರೋಣಕ್ಕೆ ಹೊರಟರೆ ಗದಗ ಹಾದು ಹೋಗಬೇಕು. ಅಂದರೆ ತಮ್ಮ ಶಾಸಕರನ್ನು ಕಾಣಲು ಇನ್ನೊಬ್ಬ ಶಾಸಕರ ಕ್ಷೇತ್ರ ದಾಟಬೇಕು!

ಗದಗ ಜಿಲ್ಲೆಗೆ ಐದಿದ್ದದ್ದು ನಾಲ್ಕಾಯಿತು. ರಾಜ್ಯದ ಒಟ್ಟು 224 ಹಾಗೇ ಉಳಿಯಿತು. ಜನ ಜಾಸ್ತಿಯಾದ ಬೆಂಗಳೂರಿನ ಕಡೆ ಕ್ಷೇತ್ರಗಳೂ ಜಾಸ್ತಿಯಾದವು. ತಲೆ ಎಣಿಸಿ ಹಂಚಿದ್ದು ತಪ್ಪು ಅಂತ ನಾನು ಹೇಳಲಾರೆ. ನಾನಿರುವ ಹುಬ್ಬಳ್ಳಿಗೂ ಅದರಿಂದ ಅನುಕೂಲವೇ ಆಯಿತು. ಮೊದಲು ಹುಬ್ಬಳ್ಳಿ ಶಹರ, ಹುಬ್ಬಳ್ಳಿ ಗ್ರಾಮೀಣ ಅಂತಿದ್ದವು. ಈಗ ಹುಬ್ಬಳ್ಳಿ-ಧಾರವಾಡ ಪೂರ್ವ, ಕೇಂದ್ರ, ಪಶ್ಚಿಮ. ಮನೆಯಿಂದ ಶಾಸಕರ ಕಚೇರಿಗೆ ಆಟೋದಲ್ಲಿ ಹೋಗಿಬರಬಹುದು. ಸಿಗುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಲೋಕಸಭೆಯದ್ದು ಇನ್ನೂ ಮಜಾ. ಹಳೆಯ ಧಾರವಾಡ ದಕ್ಷಿಣ ಹೋಗಿ 2009ಕ್ಕೆ ಹಾವೇರಿ ಕ್ಷೇತ್ರ ಬಂತು. ಗದಗ, ರೋಣ, ಶಿರಹಟ್ಟಿ ಅದರೊಳಗೆ. ಗದಗ ಜಿಲ್ಲೆಯದೇ ಆದ ನರಗುಂದ ಮಾತ್ರ ಬಾಗಲಕೋಟೆಗೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ಧಾರವಾಡಕ್ಕೆ. ಶಾಲೆ ಮಕ್ಕಳಿಗೆ ನಕಾಶೆ ತೋರಿಸಿ ಇದನ್ನು ವಿವರಿಸಿ ನೋಡೋಣ!

ನನಗೆ ಸಿಟ್ಟು ಬರುವುದು ಇಲ್ಲಿ. 2002ರ ಮರುವಿಂಗಡಣೆ ಕಾಯ್ದೆ ಬರೀ ಜನಸಂಖ್ಯೆ ನೋಡಿದರೆ ಸಾಕು ಅನ್ನುವುದಿಲ್ಲ. ಆಡಳಿತದ ಗಡಿ, ಓಡಾಟದ ಅನುಕೂಲ, ಜನರ ಅನುಕೂಲ ಇವನ್ನೂ ಆದಷ್ಟು ನೋಡಬೇಕು ಅಂತ ಬರೆದಿದೆ. ಕರಡು ಪ್ರಕಟಿಸಿ ಬಹಿರಂಗ ಸಭೆ ನಡೆಸಬೇಕು ಅಂತಲೂ ಇದೆ. ಗೆರೆ ಎಳೆಯುವ ಮರುವಿಂಗಡಣೆ ಆಯೋಗದ ಜೊತೆ ಕೂರುವ ಸಂಸದರು, ಶಾಸಕರಿಗೆ ಮತ ಹಾಕುವ ಹಕ್ಕಿಲ್ಲ. ಹಾಗಾಗಿ ಅವರನ್ನೇ ನಂಬಿ ಕೂತರೆ ಆಗದು. ನಾವೇ ಹೋಗಿ ಹೇಳಬೇಕು. ಆಗ ನಮ್ಮ ಮನೆಯವರು ಯಾರೂ ಹೋಗಲಿಲ್ಲ. ಅಂಥ ಸಭೆ ಇರುತ್ತದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಈಗ ಮತ್ತೆ ಮರುವಿಂಗಡಣೆ ಮಾತು. ಎಲ್ಲರೂ ದಕ್ಷಿಣದ ರಾಜ್ಯಗಳಿಗೆ ಲೋಕಸಭೆಯಲ್ಲಿ ಎಷ್ಟು ಸೀಟು ಕಮ್ಮಿಯಾಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದಾರೆ. ಹಾಕಲಿ, ಬೇಕಾದದ್ದೇ. ನಾನು ಕಾಕಾಗೆ ಫೋನ್ ಮಾಡಿ, ರೋಣಕ್ಕೆ ಹೋದಾಗಿನ ಬಸ್ ಟಿಕೆಟ್ ಎತ್ತಿಡಿ, ಸಭೆಯಲ್ಲಿ ತೋರಿಸೋಣ ಅಂದೆ. "ನಿಮ್ಮ ಕಾಕುಂದೂ ಇಡ್ಲೇನು?" ಅಂದರು. ಬೇಡ, ಅದರ ಮೇಲೆ ಸೊನ್ನೆ ರೂಪಾಯಿ ಅಂತಿರುತ್ತದೆ.